ಶಿವಯೋಗಿಯ ಎಡಭುಜ

ಅಡಿಕೆ ಮಂಡಿಯಲ್ಲಿ ಕೂತವರಿಗೆ ಒಂದು ಕೆಟ್ಟ ಚಾಳಿ. ಚೀಲಕ್ಕೆ ಕೈಹಾಕಿ ಒಂದು ಹಿಡಿ ಅಡಿಕೆ ತೆಗೆದು ನೋಡುವ ಹಾಗೆಯೇ ಮನುಷ್ಯರನ್ನೂ ನೋಡುತ್ತಾರೆ. ಸೋಗಾನೆಯ ವಿಮಾನ ನಿಲ್ದಾಣದ ಗೇಟಿನಲ್ಲಿ ಸೆಕ್ಯುರಿಟಿ ಸಮವಸ್ತ್ರ ತೊಟ್ಟು ನಿಲ್ಲುವ ಶಿವಯೋಗಿಯನ್ನು ಆ ಕಣ್ಣಿನಿಂದ ನೋಡಿದರೆ ಲೆಕ್ಕ ಹೀಗೆ: ವಯಸ್ಸು ಐವತ್ತು, ಎತ್ತರ ಐದು ಅಡಿ ಹತ್ತಿಂಚು, ತೂಕ ಒಂದೂಕಾಲು ಚೀಲ ಅಡಿಕೆ. ಕುತ್ತಿಗೆ ಇಲ್ಲ, ಇದ್ದದ್ದು ಯಾವಾಗಲೋ ಭುಜದೊಳಕ್ಕೆ ಇಳಿದುಹೋಗಿದೆ. ಕಿವಿಗಳು ಎರಡೂ ಬೇಯಿಸಿ ಒಣಗಿಸಿದ ಅಡಿಕೆಯಂತೆ ಮುದುಡಿವೆ. ಎಡಭುಜ ಬಲಭುಜಕ್ಕಿಂತ ಒಂದಂಗುಲ ಕೆಳಗೆ. ಸರಕು ಎಂದು ಮೇಲಿನ ದರ್ಜೆಗೆ ಹಾಕುವಂಥ ಮಾಲಲ್ಲ, ಗೊರಬಲು ಎಂದು ಕಡೆಯ ದರ್ಜೆಗೆ ತಳ್ಳಲೂ ಮನಸ್ಸು ಬಾರದು. ಇಂಥ ಮಾಲಿಗೆ ಅವಸರದಲ್ಲಿ ದರ ಹೇಳಿ ಕೈ ಸುಟ್ಟುಕೊಂಡವರು ಶಿವಮೊಗ್ಗದ ಅಡಿಕೆ ಯಾರ್ಡಿನಲ್ಲಿ ಒಬ್ಬಿಬ್ಬರಲ್ಲ.

ಹೆಸರಿನಲ್ಲೂ ಮೋಸವೇ. ಶಿವಯೋಗಿ ಎಂದು ಹೆಸರಿಟ್ಟ ಅಪ್ಪ ಜಂಬಣ್ಣ, ಮಗ ಕಣ್ಣು ಮುಚ್ಚಿ ಕೂರುವ ಸಾಧು ಆಗುತ್ತಾನೆ ಎಂದುಕೊಂಡಿದ್ದರೋ ಏನೋ. ಮಗ ಮಂದಿಯ ಮೇಲೆ ಹೋಗಿ ಬೀಳುವುದನ್ನೇ ಕಸುಬು ಮಾಡಿಕೊಂಡ.

ಜಂಬಣ್ಣ ಭದ್ರಾವತಿಯ ಕಾಗದ ಕಾರ್ಖಾನೆಯ ನೌಕರ. ಮನೆ ಕಾಗದನಗರದ ಕ್ವಾರ್ಟರ್ಸ್. ಶಿಫ್ಟ್ ಮುಗಿಸಿ ಬಂದವರು ಪ್ಯಾಂಟು ಮಡಚಿ ನೇರ ಕಬಡ್ಡಿ ಅಂಗಳಕ್ಕೆ ಇಳಿಯುತ್ತಿದ್ದ ಕಾಲ ಅದು. ಶಿವಯೋಗಿ ನಡೆಯಲು ಕಲಿತದ್ದೇ ಆ ಅಂಗಳದ ಗೆರೆಗಳ ಮೇಲೆ. ಎದುರಾಳಿಯನ್ನು ಮುಟ್ಟು, ಉಸಿರು ಬಿಡಬೇಡ, ಹಿಡಿದರೆ ಎಳೆದುಕೊಂಡು ನಿನ್ನ ಗೆರೆಗೆ ವಾಪಸ್ ಬಾ. ಹತ್ತೊಂಬತ್ತರ ಹೊತ್ತಿಗೆ ಅವನಿಗೆ ಬರುತ್ತಿದ್ದ ವಿದ್ಯೆ ಇಷ್ಟೇ. ಸೈನ್ಯದವರು ಅವನನ್ನು ಆರಿಸಿಕೊಂಡದ್ದೂ ಓದಿಗಲ್ಲ, ತೊಡೆಗೆ.

ರೆಜಿಮೆಂಟಿನ ಸುಬೇದಾರರೊಬ್ಬರು ಅವನ ಕೈಗೆ ಮೊಟ್ಟೆಯಾಕಾರದ ಚೆಂಡು ಕೊಟ್ಟರು. ಅದು ರಗ್ಬಿ. ತಂಡಕ್ಕೆ ಹದಿನೈದು ಮಂದಿ. ಚೆಂಡನ್ನು ಕೈಯಿಂದ ಹಿಂದಕ್ಕೆ ಮಾತ್ರ ಎಸೆಯಬಹುದು, ಮುಂದಕ್ಕೆ ಒಯ್ಯಬೇಕಾದರೆ ಎದೆಗವುಚಿಕೊಂಡು ಓಡಬೇಕು. ಎದುರಿನವರ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅಂಕ. ನಡುವೆ ಯಾರು ಬೇಕಾದರೂ ನಿಮ್ಮನ್ನು ಕೆಡವಬಹುದು. ಶಿವಯೋಗಿಗೆ ಇದು ಕಬಡ್ಡಿಯ ದಾಯಾದಿಯಂತೆ ಕಂಡಿತು. ದಾಯಾದಿಗಳಿಂದ ಬರುವ ತೊಂದರೆಯೇ ಅದರಿಂದಲೂ ಬಂತು.

ತೊಂಬತ್ತೆಂಟರಲ್ಲಿ ಕಲ್ಕತ್ತೆಯ ಅಖಿಲ ಭಾರತ ಪಂದ್ಯಾವಳಿ. ಸೆಮಿಫೈನಲ್‌ನ ಕೊನೆಯ ನಿಮಿಷ. ಚೆಂಡು ಶಿವಯೋಗಿಯ ತೋಳಿನಲ್ಲಿ, ಎದುರಿಗೆ ಯಾರೂ ಇಲ್ಲ. ಗೆರೆ ದಾಟಿದ. ಇನ್ನು ಬಗ್ಗಿ ಚೆಂಡನ್ನು ನೆಲಕ್ಕೆ ಒತ್ತಿದರೆ ಮುಗಿಯಿತು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಅವನ ಜರ್ಸಿ ಹಿಡಿದ. ಅಂಗಿಗೆ ಕೈ ಬಿದ್ದದ್ದೇ ತಡ, ಕಾಗದನಗರದ ಇಪ್ಪತ್ತು ವರ್ಷದ ಅಭ್ಯಾಸ ಅವನ ಮೈಯಲ್ಲಿ ಎದ್ದು ಕೂತಿತು. ಹಿಡಿದರೆ ವಾಪಸ್! ಶಿವಯೋಗಿ ಗಿರ್ರನೆ ತಿರುಗಿ, ಹಿಡಿದವನನ್ನೂ ಎಳೆದುಕೊಂಡು, ತನ್ನ ಕಡೆಯ ಅರ್ಧ ಮೈದಾನದತ್ತ ಓಡಿಬಂದ. ಅಂಕ ಗೆರೆಯಾಚೆ ಉಳಿಯಿತು. ತಂಡ ಸೋತಿತು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ, ನಕ್ಕರು. ಮೆಸ್ಸಿನಲ್ಲಿ ಊಟಕ್ಕೆ ತಟ್ಟೆ ಹಿಡಿದರೆ ಯಾರಾದರೂ ಕೇಳುತ್ತಿದ್ದರು: "ಶಿವ್ಯೋಗಿ ಭಾಯ್, ತಟ್ಟೆ ಮುಟ್ಟಿ ವಾಪಸ್ ಹೋಗ್ತೀಯೋ, ಊಟಾನೂ ಮಾಡ್ತೀಯೋ?" ಇನ್ನೊಂದು ಸಲ ಕಲ್ಕತ್ತೆಯಲ್ಲಿ ಪೂರ್ತಿ ಎಂಬತ್ತು ನಿಮಿಷ ಆಡಿಯೇ ತೀರುತ್ತೇನೆ ಎಂದು ಶಿವಯೋಗಿ ಅವತ್ತೇ ನಿಶ್ಚಯಿಸಿದ್ದ.

ತೊಂಬತ್ತೊಂಬತ್ತರ ಮೇ ತಿಂಗಳಲ್ಲಿ ನೋಟಿಸ್ ಬೋರ್ಡಿಗೆ ಕಲ್ಕತ್ತೆಗೆ ಹೋಗುವ ತಂಡದ ಪಟ್ಟಿ ಬಂತು. ಅದೇ ತಿಂಗಳ ಕೊನೆಗೆ ಇನ್ನೊಂದು ಪಟ್ಟಿ ಬಂತು, ಕಾರ್ಗಿಲ್ ಕಡೆಗೆ ಹೊರಡುವವರದ್ದು. ಎರಡರಲ್ಲೂ ಅವನ ಹೆಸರಿತ್ತು.

ಗಾಳಿ ಇಳಿಸಿದ ಚೆಂಡೊಂದನ್ನು ಅವನು ಚೀಲದ ತಳದಲ್ಲಿಟ್ಟು ಒಯ್ದಿದ್ದ. ದ್ರಾಸ್ ದಾರಿಯ ಬಿಡಾರದಲ್ಲಿ, ಮುಂದಿನ ಆಜ್ಞೆಗೆ ಕಾಯುತ್ತಿದ್ದಾಗ, ಲಾರಿ ಪಂಪಿನಿಂದ ಗಾಳಿ ತುಂಬಿ ನದಿ ದಂಡೆಯ ಕಲ್ಲುಗಳ ಮೇಲೆ ಆಡಿದರು. ತಂಡದ ಹದಿನೈದು ಜನವೂ ಇದ್ದರು. ಆ ಎತ್ತರದಲ್ಲಿ ಹತ್ತು ನಿಮಿಷಕ್ಕೆ ಎಲ್ಲರೂ ಉಸಿರು ಕಟ್ಟಿ ಮಲಗಿಬಿಟ್ಟರು. ಯಾರು ಗೆದ್ದರು ಎಂದು ಕೇಳಿದರೆ ಶಿವಯೋಗಿ ಈಗಲೂ "ಗಾಳಿ" ಅನ್ನುತ್ತಾನೆ. ಆ ಹದಿನೈದು ಮಂದಿ ಒಟ್ಟಿಗೆ ಆಡಿದ್ದು ಅದೇ ಕೊನೆ. ಇಬ್ಬರು ಬೆಟ್ಟದಿಂದ ಇಳಿದು ಬರಲೇ ಇಲ್ಲ. ಅವರ ಹೆಸರು ಕೇಳಿದರೆ ಹೇಳುತ್ತಾನೆ, ಬೇರೆ ಏನೂ ಹೇಳುವುದಿಲ್ಲ.

ಜುಲೈ ಮೊದಲ ವಾರ ಮದ್ದುಗುಂಡಿನ ಪೆಟ್ಟಿಗೆ ಹೊತ್ತು ಹತ್ತುವಾಗ ಶೆಲ್ಲಿನ ಚೂರು ಅವನ ಎಡಭುಜಕ್ಕೆ ನಾಟಿತು. ಮೂಳೆ ಒಡೆಯಿತು. ಆಸ್ಪತ್ರೆಯಲ್ಲಿ ಆರು ತಿಂಗಳು. ಮೂಳೆ ಕೂಡಿತು, ಆದರೆ ಕೈ ಎದೆಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ವೈದ್ಯರು ಅವನಿಗೆ ಎರಡು ತಿಂಗಳ ಸಿಕ್ ಲೀವ್ ಕೊಟ್ಟರು. ಮಾರ್ಚ್‌ನಲ್ಲಿ ಮೆಡಿಕಲ್ ಬೋರ್ಡು ಮತ್ತೆ ನೋಡುತ್ತದೆ. ಅಷ್ಟರಲ್ಲಿ ಕೈ ನೆಟ್ಟಗೆ ತಲೆಯ ಮೇಲೆ ಹೋಗದಿದ್ದರೆ ಸ್ಟೋರಿನಲ್ಲಿ ಕಂಬಳಿ ಎಣಿಸುವ ಕೆಲಸ, ಆಟ ಶಾಶ್ವತವಾಗಿ ಬಂದ್. "ಆಟ ಮರೆತುಬಿಡು" ಎಂದು ಸಲಹೆಯನ್ನೂ ಸೇರಿಸಿದರು.

ಎರಡು ಸಾವಿರದ ಜನವರಿಯಲ್ಲಿ ಶಿವಯೋಗಿ ಕಾಗದನಗರಕ್ಕೆ ಬಂದ. ತಾಯಿ ಬಸವರಾಜೇಶ್ವರಿ ಅತ್ತದ್ದು ಒಂದು ಸಂಜೆ ಮಾತ್ರ. ಮರುದಿನ ಬೆಳಿಗ್ಗೆ ಕಾಫಿ ಪುಡಿ ಡಬ್ಬವನ್ನು ಅಡುಗೆಮನೆಯ ಗೋಡೆಯ ಎರಡನೇ ಹಲಗೆಗೆ ಇಟ್ಟರು.

"ಎಡಗೈಲಿ ತಗೊಂಡು ಕೊಡು."

"ಆಗಲ್ಲ ಅವ್ವ."

"ಹಂಗಾದ್ರೆ ಕಾಫಿ ಇಲ್ಲ."

ವಾರಕ್ಕೊಮ್ಮೆ ಡಬ್ಬ ಒಂದು ಹಲಗೆ ಮೇಲೆ ಹೋಗುತ್ತಿತ್ತು. ನಾಲ್ಕು ಹಲಗೆ ಇದ್ದವು. ಮಿಲಿಟರಿ ಆಸ್ಪತ್ರೆಯ ರಬ್ಬರ್ ಹಗ್ಗಕ್ಕಿಂತ ಬಸವರಾಜೇಶ್ವರಿಯವರ ಡಬ್ಬ ಹೆಚ್ಚು ಕಠಿಣ ಎಂದು ಶಿವಯೋಗಿಗೆ ಎರಡೇ ದಿನದಲ್ಲಿ ತಿಳಿಯಿತು.

ಆದರೆ ಕೈ ಮೇಲೆ ಹೋದರೆ ಸಾಲದು, ಭಾರ ತಡೆಯಬೇಕು. ಇದಕ್ಕೆ ದಾರಿ ತೋರಿಸಿದವನು ಸೆಲ್ವರಾಜ್. ಭದ್ರಾವತಿಯ ಓಲ್ಡ್ ಟೌನಿನವನು, ಜಂಬಣ್ಣನ ಹಳೇ ಕಬಡ್ಡಿ ಜೊತೆಗಾರ, ಶಿವಮೊಗ್ಗದ ಯಾರ್ಡಿನಲ್ಲಿ ಜಯಕುಮಾರ್ ಅವರ ಅಡಿಕೆ ಮಂಡಿಯ ಹಮಾಲಿ ಮೇಸ್ತ್ರಿ. ಹಿಂದೊಮ್ಮೆ ಒಂದರ ಮೇಲೊಂದು ಪೇರಿಸಿದ ಚೀಲಗಳ ನಿಟ್ಟು ಮೈಮೇಲೆ ಬಿದ್ದು ಅವನ ಭುಜವೂ ಕುಸಿದಿತ್ತು.

"ನಂಗೂ ಹಿಂಗೇ ಆಗಿತ್ತು ತಂಬಿ," ಎಂದ. "ಎಣ್ಣೆ ಹಚ್ಚಿದ್ರು, ಮಂತ್ರ ಹಾಕ್ಸಿದ್ರು. ಕಡೀಗೆ ಚೀಲ ಕೆಡವಿದ್ದನ್ನ ಚೀಲಾನೇ ಎತ್ತಿ ನಿಲ್ಲಿಸ್ತು. ಕಾಲು ಚೀಲದಿಂದ ಶುರು ಮಾಡ್ದೆ. ಬಾ ನನ್ ಜೊತೆ."

ಮರುದಿನದಿಂದ ಇಬ್ಬರೂ ಬೆಳಗಿನ ಶಿವಮೊಗ್ಗ ಬಸ್ಸು ಹಿಡಿದರು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಶಿವಯೋಗಿ ಕೂರಲಿಲ್ಲ. ಬಲಗೈಯಿಂದ ಎಡಗೈಯನ್ನು ಎತ್ತಿ ಮೇಲಿನ ಕಂಬಿಗೆ ತಗುಲಿಸಿಕೊಂಡು ನಿಂತ. ನಾಲ್ಕು ದಿನ ನೋಡಿದ ಕಂಡಕ್ಟರ್ ಐದನೇ ದಿನ ತಡೆಯಲಾರದೆ ಕೇಳಿದ.

"ಅಷ್ಟೊಂದ್ ಸೀಟ್ ಖಾಲಿ ಇದೆ, ಕೂತ್ಕೊಳ್ಳಿ ಮಾರಾಯ್ರೆ. ನಿಂತ್ರೂ ಅದೇ ಚಾರ್ಜು."

"ನಾನು ಕೂತ್ರೆ ಇದು ಕೂತ್ಬಿಡುತ್ತೆ," ಎಂದು ಶಿವಯೋಗಿ ಭುಜ ತೋರಿಸಿದ.

ಮಂಡಿಯಲ್ಲಿ ಜಯಕುಮಾರ್ ಗಾದಿಯ ಮೇಲೆ ಕೂತು ಅಡಿಕೆ ಕಚ್ಚಿ ನೋಡುತ್ತಿದ್ದರು. ಜನವರಿ ಎಂದರೆ ಮಾಲು ಬಂದು ಬೀಳುವ ಕಾಲ, ಮಾತಿಗೆ ಪುರಸೊತ್ತಿಲ್ಲ.

"ಯಾರೋ ಇದು, ಸೆಲ್ವರಾಜಾ?"

"ಜಂಬಣ್ಣನ ಮಗ ಸಾವ್ಕಾರ್ರೆ. ಮಿಲಿಟ್ರಿ. ಚೀಲ ಹೊರ್ತಾನಂತೆ."

ಜಯಕುಮಾರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಜೋತುಬಿದ್ದ ಎಡಭುಜದ ಮೇಲೆ ಕಣ್ಣು ನಿಲ್ಲಿಸಿದರು. "ಒಂದೇ ತಟ್ಟೆ ಇರೋ ತಕ್ಕಡೀಲಿ ನಾನೇನ್ ತೂಗ್ಲಿ ಮಾರಾಯ?"

ಅಕ್ಕಪಕ್ಕದ ಮಂಡಿಯವರೆಲ್ಲ ನಕ್ಕರು.

"ಕೂಲಿ ಬೇಡ ಸರ್," ಎಂದ ಶಿವಯೋಗಿ.

"ಅದೇ ನಂಗೆ ಭಯ. ಪುಕ್ಕಟೆ ಬಂದ ಮಾಲನ್ನ ಎರಡ್ ಸಲ ಮೂಸಿ ನೋಡು ಅಂತಿದ್ರು ನಮ್ಮಪ್ಪ. ಕೂಲಿ ಬೇಡ್ದಿದ್ರೆ ಮತ್ತೇನ್ ಬೇಕು?"

"ಈ ಕೈ ಮೇಲೆ ಹೋಗ್ಬೇಕು."

"ಡಾಕ್ಟ್ರ ಹತ್ರ ಹೋಗು."

"ಹೋಗ್ಬಂದೆ ಸರ್. ಆಟ ಮರೆತುಬಿಡು ಅಂದ್ರು."

"ಮರೀಬಹುದಲ್ಲ?"

"ಆಗ್ತಿಲ್ಲ."

ಜಯಕುಮಾರ್ ಬಾಯಲ್ಲಿದ್ದ ಅಡಿಕೆ ಉಗಿದರು. "ಮೂಲೇಲಿ ಏನಾದ್ರೂ ಎತ್ಕೊಂಡಿರು. ವ್ಯಾಪಾರದ ಹೊತ್ತಲ್ಲಿ ನನ್ ಕಣ್ಣಿಗೆ ಬೀಳ್ಬೇಡ. ನೋಡಿದ್ರೆ ನನ್ ಭುಜ ನೋಯುತ್ತೆ."

ಸೆಲ್ವರಾಜ್ ಅವನಿಗೆಂದೇ ಕಾಲು ಚೀಲ ಸಿಪ್ಪೆ ತುಂಬಿ ಹೊಲಿದ. ಸಿಪ್ಪೆ ಹೋಗಿ ಗೊರಬಲು ಬಂತು, ಕಾಲು ಹೋಗಿ ಅರ್ಧ ಬಂತು. ಮನೆಯಲ್ಲಿ ಡಬ್ಬ ಮೂರನೇ ಹಲಗೆಗೆ ಏರಿತು. ಯಾರ್ಡಿಗೂ ಒಂದು ಮೋಜು ಸಿಕ್ಕಿತು. ಚಹಾ ಕುಡಿಯಲು ಬಂದವರು "ಇವತ್ತು ಮಿಲಿಟ್ರಿ ಎಷ್ಟು ಕೆಜಿ?" ಎಂದು ಕೇಳಿ ಹೋಗುತ್ತಿದ್ದರು. ಹಮಾಲಿಗಳು ಅವನಿಗೆ ಅರ್ಧ ಚೀಲ ಎಂದು ಅಡ್ಡಹೆಸರಿಟ್ಟರು.

ಅಡ್ಡಹೆಸರು ಅವನನ್ನು ಕೆಡವಿತು. ಮೂರನೇ ವಾರ ಖರೀದಿಗೆ ಬಂದಿದ್ದ ನಾಲ್ಕು ಮಂದಿ ನೋಡುತ್ತಿರುವಾಗ ಒಬ್ಬ ಹಮಾಲಿ "ಬಾರಪ್ಪ ಅರ್ಧ ಚೀಲ" ಎಂದ. ಶಿವಯೋಗಿ ಅರವತ್ತೈದು ಕೆಜಿಯ ಪೂರ್ತಿ ಚೀಲದ ಎದುರು ಹೋಗಿ ಬೆನ್ನು ಕೊಟ್ಟ. ಇಬ್ಬರು ಎತ್ತಿ ಇಟ್ಟರು. ಎರಡು ಹೆಜ್ಜೆ ಹಾಕಿದ. ಮೂರನೆಯದಕ್ಕೆ ಎಡಭುಜ ಒಳಗಿನಿಂದ ಮುರಿದ ಹಾಗೆ ಸದ್ದು ಮಾಡಿತು. ಚೀಲ ಒಡೆದು ಅಡಿಕೆ ಅಂಗಳದ ತುಂಬ ಚೆಲ್ಲಿತು, ಅದರ ಮೇಲೆ ಅವನು. ಈ ಸಲ ಯಾರೂ ನಗಲಿಲ್ಲ.

ಭುಜ ಬಾತು ಕುಂಬಳಕಾಯಿಯಾಯಿತು. ನಾಲ್ಕು ದಿನ ಎರಡನೇ ಹಲಗೆಯೂ ಎಟುಕಲಿಲ್ಲ. ಜಂಬಣ್ಣ ಮರುಗಿ ಡಬ್ಬವನ್ನು ಕೆಳಗಿಳಿಸಲು ಹೋದರು.

"ಅದನ್ನ ಮುಟ್ಬೇಡಿ," ಎಂದರು ಬಸವರಾಜೇಶ್ವರಿ.

"ಕಾಫಿ ಕುಡೀದೆ ಹುಡುಗ ತಲೆನೋವು ಅಂತಾನೆ ಮಾರಾಯ್ತಿ!"

"ಇವತ್ತು ಇಳಿಸಿದ್ರೆ ಬೋರ್ಡಿನವರ ಮುಂದೂ ಇಳಿಸೋಕೆ ಹೋಗ್ತೀರಾ? ಅಲ್ಲೇ ಇರ್ಲಿ."

ಆ ನಾಲ್ಕು ದಿನ ಆ ಮನೆಯಲ್ಲಿ ಯಾರೂ ಕಾಫಿ ಕುಡಿಯಲಿಲ್ಲ. ಕಾಫಿ ಇಲ್ಲದೆ ಕೂತ ಶಿವಯೋಗಿಗೆ ಯೋಚನೆ ಮಾಡುವುದೊಂದೇ ಕೆಲಸ. ಬೋರ್ಡಿಗೆ ಇನ್ನು ಐದು ವಾರ. ಎಲ್ಲಿ ತಪ್ಪಿದೆ? ಹಮಾಲಿಗಳು ಮಾಡುವಂತೆಯೇ ತಾನೂ ಸೊಂಟದಿಂದ ಬಗ್ಗಿ ಭಾರವನ್ನೆಲ್ಲ ಬೆನ್ನು, ಭುಜಕ್ಕೆ ಕೊಟ್ಟಿದ್ದ. ರಗ್ಬಿಯಲ್ಲಿ ಹಾಗಲ್ಲ. ಅಲ್ಲಿ ಸ್ಕ್ರಮ್ ಎಂದು ಒಂದಿದೆ. ಎರಡೂ ತಂಡದ ಎಂಟೆಂಟು ಮಂದಿ ತಲೆ ತಗ್ಗಿಸಿ, ಭುಜಕ್ಕೆ ಭುಜ ಹೆಣೆದು ಗೂಳಿಗಳಂತೆ ತಳ್ಳಾಡುವುದು. ಸುಬೇದಾರರು ಕೋಲು ಹಿಡಿದು ಕಲಿಸಿದ್ದರು: ಮೊಣಕಾಲು ಮಡಚು, ಸೊಂಟ ಭುಜಕ್ಕಿಂತ ಕೆಳಗಿಡು, ಬೆನ್ನು ಹಲಗೆಯ ಹಾಗಿರಲಿ, ತಳ್ಳುವುದು ತೊಡೆ. ಭುಜ ಬರೀ ಬಾಗಿಲು, ಭಾರ ಅದರ ಮೂಲಕ ಹಾದು ಕಾಲಿಗೆ ಹೋಗಬೇಕು.

ಐದನೇ ದಿನ ಮಂಡಿಗೆ ಹೋಗಿ ಅರ್ಧ ಚೀಲದ ಮುಂದೆ ಮೊಣಕಾಲು ಮಡಚಿ, ಬೆನ್ನು ನೆಟ್ಟಗಿಟ್ಟು ಕೂತ.

"ಏನ್ ತಂಬಿ, ಮೊಟ್ಟೆ ಇಡ್ತೀಯಾ?" ಎಂದ ಸೆಲ್ವರಾಜ್.

"ಇಡ್ತೀನಿ ಮೇಸ್ತ್ರಿ. ಎತ್ತಿ ಕೊಡಿ."

ಬೆನ್ನಿಗೆ ಬಿದ್ದ ಚೀಲದೊಂದಿಗೆ ತೊಡೆಯ ಬಲದಿಂದ ಎದ್ದ. ಭುಜ ನರಳಿತು, ಆದರೆ ಮುರಿಯಲಿಲ್ಲ. ಆ ದಿನ ಇಪ್ಪತ್ತು ಸಲ ಎದ್ದ. ಮರುದಿನ ಮೂವತ್ತು. ಯಾರ್ಡಿನವರು "ಕೋಳಿ ಬಂತು" ಎಂದರು. ಅವನು ಬೆವರು ಒರೆಸಿಕೊಂಡು ಮತ್ತೆ ಕೂತ. ಹಾಸ್ಯಕ್ಕೆ ಬೆಲೆ ಸಿಗದ ಕಡೆ ಹಾಸ್ಯಗಾರರು ಹೆಚ್ಚು ದಿನ ಅಂಗಡಿ ತೆರೆಯುವುದಿಲ್ಲ. ವಾರದಲ್ಲಿ ಎಲ್ಲರೂ ಸುಮ್ಮನಾದರು.

ಫೆಬ್ರವರಿ ಕೊನೆಯ ದಿನ ಅವನು ಪೂರ್ತಿ ಚೀಲ ಹೊತ್ತು ತೂಕದ ಕಟ್ಟೆಯಿಂದ ನಿಟ್ಟಿನವರೆಗೆ ನಡೆದ. ಇಪ್ಪತ್ತೆರಡು ಹೆಜ್ಜೆ. ಚೀಲವನ್ನು ಎಡಗೈಯಿಂದಲೇ ನಿಟ್ಟಿನ ಮೇಲೆ ನೂಕಿ ಸರಿಪಡಿಸಿದ. ಜಯಕುಮಾರ್ ಗಾದಿಯಿಂದ ನೋಡುತ್ತಿದ್ದರು. ಅವರ ಬಾಯಿಂದ ಹೊಗಳಿಕೆ ಬರಬೇಕಾದರೆ ಮುಹೂರ್ತ ಇಡಿಸಬೇಕು.

"ನಿಟ್ಟು ಸ್ವಲ್ಪ ಸೊಟ್ಟ ಆಯ್ತು," ಎಂದರು. ಆಮೇಲೆ ಚಹಾದವನನ್ನು ಕೂಗಿ, "ಇವನಿಗೆ ಕಾಫಿ ಕೊಡೋ. ದೊಡ್ಡ ಲೋಟ."

ಮಾರ್ಚ್‌ನಲ್ಲಿ ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿ ಬೋರ್ಡು ಕೂತಿತು. ವೈದ್ಯರು ಕೈ ಎತ್ತಲು ಹೇಳಿದರು. ಎತ್ತಿದ. ಕೈ ಕಿವಿಯ ಪಕ್ಕ ಹಾದು ಮೇಲೆ ನಿಂತಿತು, ಬಲಗೈಗಿಂತ ಎರಡು ಬೆರಳು ಗಿಡ್ಡ.

"ಎಲ್ಲಿ ಫಿಸಿಯೋಥೆರಪಿ ಮಾಡಿಸಿದ್ರಿ?"

"ಅಡಿಕೆ ಮಂಡೀಲಿ ಸರ್."

ವೈದ್ಯರು ಕಾಗದದಿಂದ ತಲೆ ಎತ್ತಿದರು. "ಅಲ್ಲಿ ಡಾಕ್ಟರ್ ಯಾರು?"

"ಸೆಲ್ವರಾಜ್ ಅಂತ ಸರ್. ಮೇಸ್ತ್ರಿ."

ಅವರು ಬಹಳ ಹೊತ್ತು ಭುಜವನ್ನು ಒತ್ತಿ, ತಿರುಗಿಸಿ ನೋಡಿದರು. ಕಡೆಗೆ ಡ್ಯೂಟಿಗೆ ಸರಿ ಎಂದರು. ಆಟಕ್ಕೆ ಮಾತ್ರ ಆಗಸ್ಟ್‌ನಲ್ಲಿ ಇನ್ನೊಮ್ಮೆ ನೋಡಿ ಹೇಳುತ್ತೇವೆ ಎಂದರು. ಅಲ್ಲಿಯವರೆಗೆ ಶಿವಯೋಗಿ ರೆಜಿಮೆಂಟಿನ ಉಗ್ರಾಣದಲ್ಲಿ ಹಿಟ್ಟಿನ ಮೂಟೆಗಳನ್ನು ಆ ಮೂಲೆಯಿಂದ ಈ ಮೂಲೆಗೆ, ಈ ಮೂಲೆಯಿಂದ ಆ ಮೂಲೆಗೆ ಒಟ್ಟುತ್ತಾ ಕಾದ. ಸ್ಟೋರ್ ಕೀಪರ್ ತಲೆಕೆಟ್ಟು ದೂರು ಕೊಟ್ಟ. ಆಗಸ್ಟ್‌ನಲ್ಲಿ ಆಟಕ್ಕೂ ಒಪ್ಪಿಗೆ ಬಂತು.

ಸೆಪ್ಟೆಂಬರ್‌ನಲ್ಲಿ ಕಲ್ಕತ್ತೆ. ಹಳೇ ಹದಿನೈದರಲ್ಲಿ ಆಡಲು ಉಳಿದವರು ಏಳೇ ಮಂದಿ. ಮಿಕ್ಕವರೆಲ್ಲ ಹೊಸಬರು. ಎದುರಿಗೆ ಅಲ್ಲಿನ ಒಂದು ಹಳೇ ಕ್ಲಬ್ಬು, ಚೆನ್ನಾಗಿ ಉಂಡವರ ತಂಡ.

"ನೀನು ಅರ್ಧ ಆಟ ಮಾತ್ರ," ಎಂದರು ಸುಬೇದಾರರು. "ಅರ್ಧ ಆದ್ಮೇಲೆ ಕೈ ತೋರಿಸ್ತೀನಿ, ಬಂದುಬಿಡು."

ಮೊದಲ ಸ್ಕ್ರಮ್‌ನಲ್ಲೇ ಎದುರಿನವರು ಅವನ ಎಡಭುಜವನ್ನು ಹುಡುಕಿಕೊಂಡು ಬಂದರು. ಜೋತುಬಿದ್ದ ಭುಜ ಯಾರ ಕಣ್ಣಿಗೂ ಬೀಳುತ್ತದೆ. ವ್ಯಾಪಾರಿಗಳು ಎಲ್ಲ ಊರಲ್ಲೂ ಇದ್ದಾರೆ. ಎಂಟು ಜನರ ತಳ್ಳು ಆ ಒಂದೇ ಜಾಗಕ್ಕೆ ಬಂತು. ಶಿವಯೋಗಿ ಸೊಂಟ ಇಳಿಸಿದ, ಬೆನ್ನು ನೆಟ್ಟಗೆ ಮಾಡಿದ, ಬೂಟಿನ ಮೊಳೆಗಳನ್ನು ಕೆಸರಿಗೆ ಇಳಿಸಿದ. ಭುಜದ ಒಳಗೆ ಬೆಂಕಿ ಹೊತ್ತಿತು. ಒಂದಡಿ ಹಿಂದೆ ಸರಿದ. ಅಲ್ಲಿಂದಾಚೆಗೆ ಸರಿಯಲಿಲ್ಲ. ಎರಡನೇ ಸಲವೂ ಅದೇ ಭುಜಕ್ಕೆ ಬಂದರು, ಮೂರನೇ ಸಲವೂ. ಎಂಟನೇ ಸಲಕ್ಕೆ ಅವರು ಆ ಕಡೆ ತಳ್ಳುವುದನ್ನು ಬಿಟ್ಟರು.

ಅರ್ಧ ಆಟ ಮುಗಿಯಿತು. ಸುಬೇದಾರರು ಕೈ ತೋರಿಸಿದರು. ಶಿವಯೋಗಿ ಆಕಾಶ ನೋಡುತ್ತಿದ್ದ. ಮತ್ತೆ ತೋರಿಸಿದರು. ಅವನು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳತೊಡಗಿದ. ಮೂರನೇ ಸಲ ಅವರೇ ಕೈ ಇಳಿಸಿದರು.

ಆ ಸಂಜೆ ಜಯಕುಮಾರ್ ಅವರ ಮಂಡಿಯಲ್ಲಿ ಫೋನು ಬಡಿದುಕೊಂಡಿತು.

"ಶಿವಯೋಗಿ ಸರ್, ಕಲ್ಕತ್ತೆಯಿಂದ. ಎಸ್‌ಟಿಡಿ ಬೂತಲ್ಲಿದೀನಿ."

"ಗೆದ್ರಾ?"

"ಇಲ್ಲ ಸರ್. ಮೂರು ಪಾಯಿಂಟಲ್ಲಿ ಹೋಯ್ತು."

"ಸೋತಿದ್ದು ಹೇಳೋಕೆ ಎಸ್‌ಟಿಡಿ ಮಾಡಿದ್ಯಾ? ಕೈ ಹೆಂಗಿದೆ?"

"ಎಂಬತ್ತು ನಿಮಿಷಾನೂ ಆಡ್ದೆ ಸರ್."

ಜಯಕುಮಾರ್ ರಿಸೀವರ್ ಕೈಲಿ ಹಿಡಿದೇ ಗಾದಿಯಿಂದ ಎದ್ದು, ಇಡೀ ಯಾರ್ಡಿಗೆ ಕೇಳುವಂತೆ ಕೂಗಿದರು. "ಸೆಲ್ವರಾಜಾ! ಪೂರ್ತಿ ಆಡಿದ್ನಂತೆ ಕಣೋ!"

ಲಾರಿಯ ಮೇಲೆ ಚೀಲ ಜೋಡಿಸುತ್ತಿದ್ದ ಸೆಲ್ವರಾಜ್ ಅಲ್ಲೇ ಕೂತು ಬೀಡಿ ಹಚ್ಚಿದ. ಮಾಲಿನ ಪಕ್ಕ ಬೀಡಿ ಹಚ್ಚಿದರೆ ಅವತ್ತಿನ ಕೂಲಿ ಕಟ್ ಎಂಬುದು ಜಯಕುಮಾರರ ಕಾನೂನು. ಆ ಸಂಜೆ ಅವರಿಗೆ ಬೀಡಿ ಕಾಣಿಸಲಿಲ್ಲ.

ಅದಾದ ಮೇಲೆ ಶಿವಯೋಗಿ ಮೂರು ವರ್ಷ ಆಡಿದ. ಕಪ್ ಎತ್ತಲಿಲ್ಲ, ಪೇಪರಿನಲ್ಲಿ ಫೋಟೋ ಬರಲಿಲ್ಲ. ಆಟ ಬಿಟ್ಟದ್ದು ಭುಜದಿಂದಲ್ಲ, ಮೊಣಕಾಲಿನಿಂದ. ಹವಾಲ್ದಾರನಾಗಿ ನಿವೃತ್ತಿಯಾಗಿ ಊರಿಗೆ ಬಂದವನು, ಸೋಗಾನೆಯಲ್ಲಿ ಕೆಲಸ ಸಿಗುವವರೆಗೆ, ಪ್ರತಿ ಸುಗ್ಗಿಯ ಮೊದಲ ವಾರ ಯಾರ್ಡಿಗೆ ಬಂದು ಹೊಸ ಹಮಾಲಿಗಳನ್ನು ಸಾಲಾಗಿ ಕೂರಿಸಿ, ಮೊಣಕಾಲು ಮಡಚಿ ಏಳುವುದನ್ನು ಕಲಿಸುತ್ತಿದ್ದ. ಮೊದಲು ಜಯಕುಮಾರ್ ಮಂಡಿಯಲ್ಲಿ, ಆಮೇಲೆ ಆ ಸಾಲಿನ ಎಲ್ಲ ಮಂಡಿಗಳಲ್ಲಿ. ಯಾರೂ ಕರೆದಿರಲಿಲ್ಲ, ಯಾರಿಂದಲೂ ಒಂದು ಕಾಸೂ ತೆಗೆದುಕೊಳ್ಳಲಿಲ್ಲ.

ಜಯಕುಮಾರರ ಪಕ್ಕದ ಮಂಡಿ ನನ್ನದು. ಅವನು ಬರುವ ಮುಂಚೆ ನನ್ನಲ್ಲಿ ಎರಡು ಮೂರು ವರ್ಷಕ್ಕೊಬ್ಬ ಹಮಾಲಿ ಬೆನ್ನು ಮುರಿದುಕೊಂಡು ಮನೆ ಸೇರುತ್ತಿದ್ದ. ಅವನು ಕಲಿಸಿದ ಮೇಲೆ ಒಬ್ಬನೂ ಹಾಗೆ ಮನೆ ಸೇರಿಲ್ಲ. ಅಷ್ಟು ಮಂದಿಯ ಬೆನ್ನಿಗೆ ನಾನು ಶಿವಯೋಗಿಗೆ ಋಣಿ.